ಎಕ್ಸ್-ರೇ ಮಾಡಲು ಬಂದು ನೀರುಗಂಟಿಯಾದೆ: ಮೇಜಿನ ಮೇಲಿನ ಸೆಟಪ್ ಜೊತೆ ಎರಡೂವರೆ ವರ್ಷ

ಲೇಸರ್ ಪವರ್ ಎಷ್ಟು, ಪಲ್ಸ್ ಎಷ್ಟು ಚಿಕ್ಕದು ಅನ್ನುವುದೆಲ್ಲ ಸಂಶೋಧನಾ ಪೇಪರ್‌ಗಳಲ್ಲೇ ಇದೆ, ಮತ್ತೆ ಬರೆಯುವುದಿಲ್ಲ. ಲೇಸರಿನಿಂದ ಎಕ್ಸ್-ರೇ ಹುಟ್ಟಿಸಿ, ತೆಳ್ಳಗಿನ ನೀರಿನ ಪದರದ ಮೂಲಕ ಹಾಯಿಸಿ, ನೀರಲ್ಲಿ ಕರಗಿದ ಅಣುಗಳನ್ನು ನೋಡುವ ಸೆಟಪ್ ಇದು. ಇದರ ಜೊತೆ ದಿನಾ ಏಗುವುದು ಹೇಗಿರುತ್ತದೆ ಅಂತ ಮಾತ್ರ ಹೇಳುತ್ತೇನೆ. ನಾನಿರುವುದು ಜರ್ಮನಿಯ ಒಂದು ಲ್ಯಾಬಿನಲ್ಲಿ. ಊರು ಮಂಡ್ಯದ ಕಡೆ, ತಾತ ನೀರುಗಂಟಿಯಾಗಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ನೋಡಿಕೊಳ್ಳುವುದೇ ಅವರ ಕೆಲಸ. ಎಕ್ಸ್-ರೇ ಕೆಲಸಕ್ಕೆ ಅಂತ ಬಂದ ನಾನೂ ಈಗ ಮಾಡುತ್ತಿರುವುದು ಅದನ್ನೇ. ಗದ್ದೆ ಮಾತ್ರ ಒಂದು ಮಿಲಿಮೀಟರ್ ಅಗಲ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಇದೇ ಥರದ ಅಳತೆಗೆ ಹ್ಯಾಂಬರ್ಗ್ ಹತ್ತಿರದ ದೊಡ್ಡ ಎಕ್ಸ್-ರೇ ಲೇಸರ್ ಕೇಂದ್ರ ಯುರೋಪಿಯನ್ ಎಕ್ಸ್‌ಫೆಲ್‌ಗೆ ಹೋದರೆ ಅದು 3.4 ಕಿಲೋಮೀಟರ್ ಉದ್ದದ ಮೆಷೀನು, ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದು, ಸಿಕ್ಕ ನಾಲ್ಕಾರು ಶಿಫ್ಟ್‌ಗಳಲ್ಲಿ ನಿದ್ದೆಗೆಟ್ಟು ಎಲ್ಲ ಮುಗಿಸಬೇಕು. ಇಲ್ಲಿ ಎಲ್ಲವೂ ಒಂದೇ ಕೋಣೆ. ಇನ್ಫ್ರಾರೆಡ್ ಲೇಸರನ್ನು ಹೀಲಿಯಂ ಅನಿಲದೊಳಗೆ ಫೋಕಸ್ ಮಾಡಿದರೆ ಎಲೆಕ್ಟ್ರಾನ್ ಕಿತ್ತುಕೊಂಡು ಹೊರಗೆ ಹೋಗುತ್ತದೆ, ಲೇಸರ್ ಕ್ಷೇತ್ರ ತಿರುಗಿದಾಗ ವಾಪಸ್ ಬಂದು ಡಿಕ್ಕಿ ಹೊಡೆಯುತ್ತದೆ, ಸಾಫ್ಟ್ ಎಕ್ಸ್-ರೇ, ಅಂದರೆ ಕಡಿಮೆ ಶಕ್ತಿಯ ಎಕ್ಸ್-ರೇ, ಹುಟ್ಟುತ್ತದೆ. ಭೌತವಿಜ್ಞಾನಿ ಆನ್ ಲುಯಿಲಿಯೆ ಅವರ ತಂಡ 1987ರಲ್ಲಿ ಕಂಡ, ಲೇಸರಿನ ಆವರ್ತನದ ಹಲವು ಪಟ್ಟು ಆವರ್ತನದ ಬೆಳಕಾದ ಹಾರ್ಮೋನಿಕ್‌ಗಳ ವಂಶವೇ ಇದು, 2023ರ ನೊಬೆಲ್‌ನಲ್ಲಿ ಅವರ ಪಾಲಿತ್ತು. ನನಗೆ ಮುಖ್ಯವಾದದ್ದು ಬೇರೆ. ಮಂಗಳವಾರ ಸಂಜೆ ಡೇಟಾ ಮೇಲೆ ಅನುಮಾನ ಬಂದರೆ ಬುಧವಾರ ಬೆಳಿಗ್ಗೆ ಮತ್ತೆ ಅಳೆಯಬಹುದು, ಯಾರನ್ನೂ ಕೇಳಬೇಕಾಗಿಲ್ಲ.

ನಾನು ನೋಡುವುದು ನೀರಲ್ಲಿ ಕರಗಿದ ಯೂರಿಯಾ. ಸುಮಾರು 284ರಿಂದ 543 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್-ರೇಗೆ ನೀರು ಅಷ್ಟಾಗಿ ಅಡ್ಡ ಬರುವುದಿಲ್ಲ, ಕಾರ್ಬನ್, ನೈಟ್ರೋಜನ್ ಮಾತ್ರ ಎದ್ದು ಕಾಣುತ್ತವೆ. ಯೂರಿಯಾದಲ್ಲಿ ಎರಡೂ ಇವೆ. ಒಂದು ಯೂರಿಯಾ ಅಣುವಿನಿಂದ ಎಲೆಕ್ಟ್ರಾನ್ ಕಿತ್ತರೆ ಅದರ ಪ್ರೋಟಾನ್ ಪಕ್ಕದ ಯೂರಿಯಾಕ್ಕೆ ಹಾರಲು 150 ಫೆಮ್ಟೋಸೆಕೆಂಡ್ (ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಸಾವಿರ ಭಾಗ ಮಾಡಿದರೆ ಒಂದು ಫೆಮ್ಟೋಸೆಕೆಂಡ್) ಸಾಕು ಅಂತ ಜ್ಯೂರಿಕ್ ಮತ್ತು ಜಿನೀವಾದವರು 2023ರಲ್ಲಿ ಇಂಥದ್ದೇ ಮೇಜಿನ ಸೆಟಪ್‌ನಲ್ಲಿ ತೋರಿಸಿದರು. ಫೋನಲ್ಲಿ ಇದನ್ನೆಲ್ಲ ಹೇಳಿದರೆ ಅಪ್ಪ, "ಯೂರಿಯಾ ನೋಡಕ್ಕೆ ಜರ್ಮನಿಗಂಟ ಹೋಗ್ಬೇಕಿತ್ತೇನವ್ವ, ನಮ್ ಸೊಸೈಟೀಲೇ ಸಿಗ್ತಿತ್ತಲ್ಲ" ಅಂದರು.

ನನಗೆ ತುಂಬಾ ಇಷ್ಟ ಬೆಳಗಿನ ಕೆಲಸ. ಪಂಪು ಹಾಕಿ, ಬರೀ ನೀರು ಬಿಟ್ಟು, ಟಾರ್ಚ್ ಹಿಡಿದು ಬಗ್ಗಿ ನೋಡುತ್ತೇನೆ. ಕೂದಲಿಗಿಂತ ತೆಳ್ಳಗಿನ ಎರಡು ನೀರಿನ ಎಳೆ ಓರೆಯಾಗಿ ಬಂದು ಡಿಕ್ಕಿ ಹೊಡೆದ ಕಡೆ ನೀರು ಅಗಲವಾಗಿ ಹರಡಿ ಎಲೆಯಾಗುತ್ತದೆ, ಹುಣಸೆ ಎಲೆಯಷ್ಟೂ ಇಲ್ಲ. ದಪ್ಪ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದಕ್ಕಿಂತ ತುಂಬಾ ದಪ್ಪವಾದರೆ ಎಕ್ಸ್-ರೇ ಆಚೆ ಬರುವುದೇ ಇಲ್ಲ. ಮಳೆ ನಿಂತ ರಸ್ತೆಯಲ್ಲಿ ಪೆಟ್ರೋಲ್ ಚೆಲ್ಲಿದಾಗ ಕಾಣುವ ಬಣ್ಣದ ಪಟ್ಟೆಗಳು ಈ ಎಲೆಯ ಮೇಲೂ ಮೂಡುತ್ತವೆ. ಪಟ್ಟೆ ಅಲ್ಲಾಡದೆ ನಿಂತರೆ ಆಮೇಲೆ ಕಾಫಿ.

ಇಷ್ಟರವರೆಗೆ ಐದು ಸ್ಟಾರ್. ಇನ್ನು ಐಸ್ ವಿಷಯ.

ಗಾಳಿಯೇ ಈ ಎಕ್ಸ್-ರೇಯನ್ನು ನುಂಗುವುದರಿಂದ ಎಲೆಯನ್ನು ವ್ಯಾಕ್ಯೂಮ್ ಒಳಗೇ ಇಡಬೇಕು. ವ್ಯಾಕ್ಯೂಮಿನಲ್ಲಿ ನೀರು ಆವಿಯಾಗುತ್ತಾ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತದೆ. ಕೆಳಗೆ ನೀರು ಹಿಡಿಯುವ ಕ್ಯಾಚರ್‌ನ ಚಿಕ್ಕ ತೂತಿಗೆ ಧಾರೆ ಒಂಚೂರು ತಪ್ಪಿದರೂ ಸಾಕು, ಅಂಚಿನಲ್ಲಿ ಐಸ್ ಕೂರುತ್ತದೆ, ಅದು ಹುತ್ತದ ಥರ ಮೇಲಕ್ಕೆ ಬೆಳೆಯುತ್ತದೆ. ಬೆಳೆದು ನೀರಿನ ಎಳೆ ಹೊರಬರುವ ನಾಝಲ್ ಮುಟ್ಟಿದರೆ ಕಥೆ ಮುಗಿಯಿತು, ಎಲೆ ಒಡೆದು ನೀರು ಸಿಕ್ಕಸಿಕ್ಕ ಕಡೆ ಚಿಮ್ಮುತ್ತದೆ, ಪ್ರೆಶರ್ ಏರಿ ವಾಲ್ವ್‌ಗಳು ದಡದಡ ಮುಚ್ಚಿಕೊಳ್ಳುತ್ತವೆ. ಗಾಳಿ ಬಿಟ್ಟು, ಒರೆಸಿ, ಮತ್ತೆ ಪಂಪು ಮಾಡುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ಒಮ್ಮೆ ರಾತ್ರಿ ಹನ್ನೊಂದಕ್ಕೆ ಹೀಗಾಯಿತು. ನಮ್ಮಲ್ಲಿ ಎಕ್ಸ್-ರೇ ಫೋಟಾನ್‌ಗಳು ದೊಡ್ಡ ಮೆಷೀನಿಗೆ ಹೋಲಿಸಿದರೆ ತೀರಾ ಕಡಿಮೆ, ಅದಕ್ಕೇ ಗಂಟೆಗಟ್ಟಲೆ ಸರಾಸರಿ ಮಾಡಬೇಕು. ಆರು ಗಂಟೆಯಿಂದ ಸೇರಿಸುತ್ತಿದ್ದೆ, ನೈಟ್ರೋಜನ್ ಸಿಗ್ನಲ್‌ನ ಬದಲಾವಣೆ ಡೇಟಾದ ಗದ್ದಲದಿಂದ ಆಗತಾನೆ ತಲೆ ಎತ್ತುತ್ತಿತ್ತು, ಟಾಯ್ಲೆಟ್‌ಗೆ ಅಂತ ಎದ್ದೆ. ಐದೇ ನಿಮಿಷ. ವಾಪಸ್ ಬಂದರೆ ಹುತ್ತ ಮುಟ್ಟಿತ್ತು, ಲೇಸರ್ ತಡೆಯಲು ಹಾಕಿದ್ದ 200 ನ್ಯಾನೋಮೀಟರ್ ಅಲ್ಯೂಮಿನಿಯಂ ಹಾಳೆ ಚಿಂದಿಯಾಗಿತ್ತು. ಅತ್ತೆನಾ ಅಂದರೆ, ಹೌದು, ಸ್ವಲ್ಪ.

ಆಮೇಲೆ ಎರಡು ಕೆಲಸ ಮಾಡಿದೆವು. ಕ್ಯಾಚರ್‌ಗೆ ಹೀಟರ್ ಸುತ್ತಿದೆವು, ಎಲೆಯ ಕಡೆ ಒಂದು ಅಗ್ಗದ ಕ್ಯಾಮೆರಾ ಇಟ್ಟೆವು. ಈಗ ವಾರಕ್ಕೆ ಒಂದು ಸಲ ಹುತ್ತ ಬರುತ್ತದೆ, ಮೊದಲು ದಿನಾ ಬರುತ್ತಿತ್ತು. ಕೋಪ ಇಳಿದಿದೆ. ತಾತ ರಾತ್ರಿ ಲಾಟೀನು ಹಿಡಿದು ತೂಬಿನ ಹತ್ತಿರ ಯಾಕೆ ಕೂರುತ್ತಿದ್ದರು ಅಂತ ಈಗ ಅರ್ಥವಾಗುತ್ತದೆ.

ನಿಮಗೆ ಇದು ಸರಿಹೋಗುತ್ತದಾ ಅಂದರೆ, ಅದು ನಿಮ್ಮ ಸ್ಯಾಂಪಲ್ ಮೇಲೆ ನಿಂತಿದೆ. ಎಲೆ ನಿಮಿಷಕ್ಕೆ ಮೂರು ಮಿಲಿಲೀಟರ್ ಕುಡಿಯುತ್ತದೆ, ಆರು ಗಂಟೆಗೆ ಒಂದು ಲೀಟರ್ ದಾಟುತ್ತದೆ. ಯೂರಿಯಾಗೆ ಚಿಂತೆಯಿಲ್ಲ. ಪಕ್ಕದ ಮೇಜಿನ ಗೆಳತಿ ಮೂರು ತಿಂಗಳು ಕೂತು ಮಾಡಿದ ರುಥೇನಿಯಂ ಬಣ್ಣ ಒಂದು ಚಮಚವೂ ಇಲ್ಲ, ಅವಳಿಗೆ ಬೇಡ ಅಂತ ನಾನೇ ಹೇಳಿದೆ. ಯಾವುದಕ್ಕೂ ನಾಝಲ್ ಎರಡು ಜೊತೆ ಜಾಸ್ತಿ ತರಿಸಿಟ್ಟುಕೊಳ್ಳಿ. ನಮ್ಮದು ಒಡೆದಾಗ ಹೊಸದು ಬರಲು ಒಂಬತ್ತು ವಾರ ಹಿಡಿಯಿತು, ಅಷ್ಟು ದಿನ ನಾನು ಸುಮ್ನೆ ಹಳೇ ಡೇಟಾ ತಿರುವಿ ಹಾಕುತ್ತಾ ಕೂತಿದ್ದೆ.