ಓಟ, ಸೈಕಲ್, ಮತ್ತೆ ಓಟ: ಒಂದೇ ಜೊತೆ ಶೂ ಸಾಕಾ?

ಸ್ವಲ್ಪ ಓಟ, ಸ್ವಲ್ಪ ಸೈಕಲ್, ಮತ್ತೆ ಓಟ. ಹೀಗೆ ಹಂತ ಹಂತವಾಗಿ ಸಾಗುವ ಅಡ್ವೆಂಚರ್ ರೇಸ್‌ಗೆ ಕಾಲಿಗೆ ಏನು ಹಾಕಿಕೊಳ್ಳಬೇಕು? ಮುಖ್ಯವಾಗಿ ಮೂರು ದಾರಿ ಇವೆ. ಒಂದೇ ಜೊತೆ ಟ್ರೇಲ್ ಶೂ (ಮಣ್ಣು-ಕಲ್ಲಿನ ದಾರಿಯಲ್ಲಿ ಓಡುವ ಶೂ), ಸೈಕಲ್‌ಗೆ ಅಗಲವಾದ ಫ್ಲಾಟ್ ಪೆಡಲ್. ಇಲ್ಲಾ ಅದೇ ಶೂ, ಆದರೆ ಪೆಡಲ್‌ಗೆ ಪಾದದ ಮುಂಭಾಗ ತೂರಿಸುವ ಪಂಜರ ಮತ್ತು ಅದನ್ನು ಬಿಗಿಯುವ ಪಟ್ಟಿ. ಇಲ್ಲಾ ಸೈಕಲ್‌ಗೇ ಅಂತ ಬೇರೆ ಕ್ಲೀಟ್ ಶೂ (ಅಟ್ಟೆಯಲ್ಲಿರುವ ಕ್ಲೀಟ್ ಎಂಬ ತುಂಡು ಪೆಡಲ್‌ಗೆ ಕಚ್ಚಿಕೊಳ್ಳುತ್ತದೆ), ಹಂತ ಬದಲಾದಾಗಲೆಲ್ಲ ಶೂನೂ ಬದಲು. ಮೂರನ್ನೂ ರೇಸ್‌ನಲ್ಲೇ ಹಾಕಿ ನೋಡಿದ್ದೇನೆ. ನನ್ನ ಮತ ಹೆಚ್ಚಾಗಿ ಮೊದಲನೆಯದಕ್ಕೇ. ಯಾಕೆ ಅಂತ ಹೇಳ್ತೀನಿ.

ಫ್ಲಾಟ್ ಪೆಡಲ್ ಅಂದರೆ ಬರೀ ಪ್ಲಾಸ್ಟಿಕ್ ಹಲಗೆ ಅಲ್ಲ. ಮೇಲೆ ಸಣ್ಣ ಸಣ್ಣ ಲೋಹದ ಪಿನ್‌ಗಳು ಎದ್ದಿರಬೇಕು. ಅವು ಶೂ ಅಟ್ಟೆಯ ರಬ್ಬರ್‌ಗೆ ಚುಚ್ಚಿಕೊಂಡು ಕಾಲನ್ನು ಹಿಡಿದಿಡುತ್ತವೆ. ಇಲ್ಲಿ ಶೂ ಆಯ್ಕೆಯೇ ಎಲ್ಲ. ಕೆಸರಿಗೆ ಅಂತಲೇ ಮಾಡಿದ, 6 ಮಿಲಿಮೀಟರ್ ಲಗ್ (ಅಟ್ಟೆಯ ಕೆಳಗೆ ಎದ್ದಿರುವ ರಬ್ಬರ್ ಉಬ್ಬು) ಇರುವ ಶೂ ಓಟದಲ್ಲಿ ಅದ್ಭುತ. ಪೆಡಲ್ ಮೇಲೆ ಅಷ್ಟಕ್ಕಷ್ಟೆ. ಲಗ್‌ಗಳು ದೂರ ದೂರ ಇರುವುದರಿಂದ ಪಾದ ಅವುಗಳ ತುದಿಯ ಮೇಲೆ ನಿಲ್ಲುತ್ತದೆ, ಒತ್ತಿದಾಗ ಲಗ್ ಮಗುಚುತ್ತದೆ, ಕಾಲು ಅಲ್ಲಾಡುತ್ತದೆ. 3–4 ಮಿಲಿಮೀಟರ್ ಲಗ್, ಒತ್ತೊತ್ತಾಗಿರುವ ಅಟ್ಟೆ ಇದ್ದರೆ ಪಿನ್‌ಗೆ ಹಿಡಿತ ಸಿಗುತ್ತದೆ, ಮಣ್ಣಿನ ದಾರಿಯಲ್ಲಿ ಓಟಕ್ಕೂ ಸಾಲುತ್ತದೆ.

ಇದರ ತೊಂದರೆ ಶುರುವಾಗುವುದು ಸೈಕಲ್ ಹಂತ ಉದ್ದವಾದಾಗ. ಓಟದ ಶೂನಲ್ಲಿ ಮೆತ್ತನೆಯ ಫೋಮ್ ಇರುತ್ತದೆ. ಪ್ರತಿ ತುಳಿತಕ್ಕೂ ಅದು ಅಮುಕುತ್ತದೆ, ಪಾದ ಪೆಡಲ್‌ನ ಅಂಚಿನ ಮೇಲೆ ಬಾಗುತ್ತದೆ. ಎರಡು ಗಂಟೆ ದಾಟಿದ ಮೇಲೆ ಹೆಬ್ಬೆರಳ ಬುಡದ ಹತ್ತಿರ ಅಂಗಾಲು ಉರಿಯತೊಡಗುತ್ತದೆ. ಪೆಡಲ್ ಅಗಲವಾಗಿದ್ದಷ್ಟೂ ಈ ಉರಿ ಕಮ್ಮಿ. ಶೂ ಒಳಗೆ ಕಲ್ಲು ಚುಚ್ಚದಂತೆ ಗಟ್ಟಿ ಹಾಳೆ ಕೊಟ್ಟಿರುವ ಟ್ರೇಲ್ ಶೂ ಆದರೆ ಇನ್ನೂ ಒಳ್ಳೆಯದು.

ಪಂಜರ ಮತ್ತು ಪಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಪಾಟು ದಾರಿಯಲ್ಲಿ ಚೆನ್ನಾಗಿದೆ, ಕಾಲು ಜಾರುವುದಿಲ್ಲ. ಆದರೆ ಕಲ್ಲುಗಳ ನಡುವೆ ಸೈಕಲ್ ವಾಲಿದಾಗ ಕಾಲನ್ನು ಹಿಂದಕ್ಕೇ ಎಳೆಯಬೇಕು, ಪಕ್ಕಕ್ಕೆ ಬರುವುದಿಲ್ಲ. ದಪ್ಪ ಟ್ರೇಲ್ ಶೂ ಪಂಜರದೊಳಗೆ ಬಿಗಿಯಾಗಿ ಕೂರುತ್ತದೆ, ಲಗ್ ಸಿಕ್ಕಿಕೊಳ್ಳುತ್ತದೆ. ಇಳಿಜಾರಿನಲ್ಲಿ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಕ್ಲೀಟ್ ಶೂ. ಸೈಕಲ್ ಬಿಡಿಭಾಗ ಮಾಡುವ ಶಿಮಾನೊ ಕಂಪನಿ 1990ರಲ್ಲಿ ತಂದ ಎಸ್‌ಪಿಡಿ ಎಂಬ ಪೆಡಲ್-ಕ್ಲೀಟ್ ಮಾದರಿಯಲ್ಲಿ ಎರಡು ಬೋಲ್ಟ್‌ನ ಚಿಕ್ಕ ಲೋಹದ ಕ್ಲೀಟ್ ಅಟ್ಟೆಯ ಒಳಗೆ ಹುದುಗಿರುತ್ತದೆ, ಹಾಗಾಗಿ ಇಳಿದು ನಡೆಯಬಹುದು. ರಸ್ತೆ ಸೈಕಲ್‌ನ ಮೂರು ಬೋಲ್ಟ್ ಕ್ಲೀಟ್ ಹೊರಗೆ ಚಾಚಿಕೊಂಡಿರುತ್ತದೆ, ಈ ರೇಸ್‌ಗೆ ಅದು ಬೇಡವೇ ಬೇಡ. ಗಟ್ಟಿ ಅಟ್ಟೆಯ ಸುಖ ಏನು ಅಂತ ಉದ್ದ ಏರಿನಲ್ಲಿ ಗೊತ್ತಾಗುತ್ತದೆ. ಒತ್ತಡ ಇಡೀ ಪಾದಕ್ಕೆ ಹಂಚಿಹೋಗುತ್ತದೆ, ಉರಿ ಇಲ್ಲ, ಗುಂಡಿ ಹಾರಿದರೂ ಕಾಲು ಪೆಡಲ್ ಬಿಡುವುದಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಟಕ್ ಅಂತ ಬಿಡುಗಡೆ. ಹೊಸಬರು ಪೆಡಲ್‌ನ ಸ್ಪ್ರಿಂಗ್ ಬಿಗಿ ಸಡಿಲ ಮಾಡಿಕೊಂಡೇ ಶುರು ಮಾಡಬೇಕು.

ಆದರೆ ಸೈಕಲ್ ಹೊತ್ತು ಒದ್ದೆ ಬಂಡೆ ಹತ್ತುವ ಜಾಗದಲ್ಲಿ ಆ ಲೋಹ ಜಾರುತ್ತದೆ. ಕೆಸರು ತುಂಬಿಕೊಂಡರೆ ಕ್ಲೀಟ್ ಕಚ್ಚುವುದೇ ಇಲ್ಲ, ಕಡ್ಡಿ ಹಾಕಿ ಕೆರೆಯಬೇಕು. ಇದೇ ಶೂನಲ್ಲಿ ಓಡಿಬಿಡೋಣ ಅಂದರೆ ಅಟ್ಟೆ ಬಾಗುವುದಿಲ್ಲ. ಕಾಲು ಕಿಲೋಮೀಟರ್ ನಡೆಯಲು ಪರವಾಗಿಲ್ಲ, ಐದು ಕಿಲೋಮೀಟರ್ ಓಡಿದರೆ ಹಿಮ್ಮಡಿ ಉಜ್ಜಿ ಬೊಬ್ಬೆ ಬರುತ್ತದೆ. ಇನ್ನೊಂದು ವಿಷಯ ನಕ್ಷೆ ನೋಡಿಯೇ ತಿಳಿಯಬೇಕು. ಸೈಕಲ್ ಬಿಡುವ ಜಾಗ ಒಂದು, ಮತ್ತೆ ಎತ್ತಿಕೊಳ್ಳುವ ಜಾಗ ಇನ್ನೊಂದು ಆಗಿದ್ದರೆ ಶೂ ಬೆನ್ನ ಚೀಲದಲ್ಲೇ ಬರಬೇಕಾಗಬಹುದು. ಒಂದು ಜೊತೆ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ.

ಹಾಗಾಗಿ ನಾನು ಮೊದಲು ನೋಡುವುದು ಸೈಕಲ್ ಹಂತಗಳ ಉದ್ದ. ಚಿಕ್ಕ ಚಿಕ್ಕ ಹಂತಗಳು, ಪದೇ ಪದೇ ಬದಲಾವಣೆ ಇದ್ದರೆ ಟ್ರೇಲ್ ಶೂ ಮತ್ತು ಪಿನ್ ಪೆಡಲ್. ಒಂದೇ ಸಲಕ್ಕೆ ಮೂರು ಗಂಟೆಗಿಂತ ಜಾಸ್ತಿ ತುಳಿಯಬೇಕಿದ್ದು, ಶೂ ಹೊರುವ ಗೋಜು ಇಲ್ಲದಿದ್ದರೆ ಕ್ಲೀಟ್. ಮಧ್ಯದ್ದಕ್ಕೆ, ಅಂದರೆ ಎರಡು ಗಂಟೆಯ ಆಸುಪಾಸಿಗೆ, ನಾನು ಈಗಲೂ ಫ್ಲಾಟ್ ಕಡೆಗೇ ವಾಲುತ್ತೇನೆ.

ಯಾವುದೇ ಆಗಲಿ, ಅರ್ಧ ಸೈಜ್ ದೊಡ್ಡದೇ ತಗೊಳ್ಳಿ. ಗಂಟೆಗಟ್ಟಲೆ ಓಡಿದ ಪಾದ ಊದಿಕೊಳ್ಳುತ್ತದೆ. ಹೊಳೆ ದಾಟುವುದಿದ್ದರೆ ನೀರು ತಡೆಯುವ ಪದರ ಬೇಡ, ಮೇಲಿಂದ ಒಳಗೆ ಹೋದ ನೀರು ಅಲ್ಲೇ ನಿಲ್ಲುತ್ತದೆ. ತೆಳು ಜಾಲರಿ ಇದ್ದರೆ ನಾಲ್ಕು ಹೆಜ್ಜೆಯಲ್ಲಿ ಬಸಿದುಹೋಗುತ್ತದೆ. ಲೇಸಿನ ಬಾಲವನ್ನು, ಅದರಲ್ಲೂ ಬಲಗಾಲಿನದ್ದನ್ನು, ಒಳಗೆ ಸಿಕ್ಕಿಸಿ. ಚೈನ್ ಇರುವುದು ಆ ಕಡೆಗೇ ಅಲ್ವಾ.