ಐವತ್ತರಲ್ಲಿ ಡ್ರಮ್ ಅಂಡ್ ಬೇಸ್: ಬೋವಿಯ 'ಅರ್ತ್ಲಿಂಗ್' ಬಾಕ್ಸ್‌ನಲ್ಲಿ ಹಾಕಿ ಕೇಳಿದಾಗ

ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿಯ 'ಅರ್ತ್ಲಿಂಗ್' ಆಲ್ಬಮ್ಮಿನ ವಿಷಯ ಬಂದರೆ ಸಾಕು, ಎಲ್ಲರೂ ಮೊದಲು ಅವನ ವಯಸ್ಸು ಹಿಡಿದುಕೊಳ್ಳುತ್ತಾರೆ. 1997ರ ಜನವರಿಯಲ್ಲಿ ಅವನಿಗೆ 50 ತುಂಬಿತು. ಫೆಬ್ರವರಿಯಲ್ಲಿ ಈ ಆಲ್ಬಂ ಬಂತು. ಎಪ್ಪತ್ತರ ದಶಕದಲ್ಲಿ ರಾಕ್ ಹಾಡಿ ಮೆರೆದವನು, ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಹುಡುಗರು ಕುಣಿಯುತ್ತಿದ್ದ ಜಂಗಲ್, ಡ್ರಮ್ ಅಂಡ್ ಬೇಸ್ ಎಂಬ ಓಡುವ ಡ್ರಮ್ಮಿನ ಸಂಗೀತದ ಕಡೆ ತಿರುಗಿದ. ಭಲೇ ಅಂದವರೂ ಇದ್ದರು, ಮುದುಕನಿಗೆ ಯಾಕೆ ಬೇಕಿತ್ತು ಅಂದವರೂ ಇದ್ದರು. ನನಗೆ ಈ ವಯಸ್ಸಿನ ಪಂಚಾಯಿತಿಕೆಯೇ ಹಿಡಿಸುವುದಿಲ್ಲ. ಅರವತ್ತು ದಾಟಿದ ಯಕ್ಷಗಾನ ವೇಷಧಾರಿ ಬೆಳಗಿನ ಜಾವಕ್ಕೆ ಗಿರಗಿರ ತಿರುಗಿ ಧೀಂಗಿಣ ಹಾಕುವುದನ್ನು ಮಿಕ್ಸರ್ ಹಿಂದೆ ಕೂತು ನೋಡಿದವನು ನಾನು.

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸೌಂಡ್ಸ್ ಉಂಟು. ಬಯಲಾಟ, ಮದುವೆ, ಮೆಹಂದಿ, ಭಜನಾ ಮಂದಿರದ ವಾರ್ಷಿಕೋತ್ಸವ, ಎಲ್ಲದಕ್ಕೂ ಸ್ಪೀಕರ್ ಬಾಕ್ಸ್ ಹೊತ್ತು ಹೋಗುವ ಕೆಲಸ. ಹಾಗಾಗಿ ಯಾವ ಹಾಡು ಕೇಳಿದರೂ ನನ್ನ ಕಿವಿ ಮೊದಲು ಹೋಗುವುದು ಅರ್ಥಕ್ಕಲ್ಲ. ಕೆಳಗೆ ಬೇಸ್ ಎಷ್ಟುಂಟು, ಮೇಲೆ ಕಿವಿಗೆ ಎಷ್ಟು ಚುಚ್ಚುತ್ತದೆ, ಅದಕ್ಕೆ. ಈ ಸಿಡಿ ಕೊಟ್ಟದ್ದು ದುಬೈಯಿಂದ ಬಂದ ಚಿಕ್ಕಪ್ಪನ ಮಗ. ಕವರಿನಲ್ಲಿ ಬೋವಿ ಬೆನ್ನು ಹಾಕಿ ನಿಂತಿದ್ದಾನೆ. ಮೈಮೇಲೆ ಬ್ರಿಟನ್ ಬಾವುಟದ ಉದ್ದ ಕೋಟು, ಫ್ಯಾಷನ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ ಮಾಡಿದ್ದು. ಎದುರಿಗೆ ಹಸಿರು ಗುಡ್ಡ. ಚಿತ್ರ ಚೆನ್ನಾಗಿದೆ. ಒಳಗೆ ಒಂಬತ್ತು ಹಾಡು, ಸುಮಾರು 49 ನಿಮಿಷ.

ಮೊದಲ ಹಾಡು 'ಲಿಟ್ಲ್ ವಂಡರ್' ಶುರುವಾಗುತ್ತಲೇ ಚಟಪಟ ಸಿಡಿಯುವ ಸ್ನೇರ್ ಡ್ರಮ್ಮಿನ ಮಳೆ. ಈ ಸ್ನೇರ್ ಹೇಗೆ ಬಂತು ಅನ್ನುವುದೇ ನನ್ನ ಪ್ರಕಾರ ಇಡೀ ಆಲ್ಬಮ್ಮಿನ ಗುಟ್ಟು. ಬ್ರಿಟನ್ನಿನ ಜಂಗಲ್ ಹುಡುಗರು ಬಹಳ ಮಾಡಿ ಹಳೇ ರೆಕಾರ್ಡಿನ ತುಂಡು ತೆಗೆದು ವೇಗ ಏರಿಸುತ್ತಿದ್ದರು. ದಿ ವಿನ್‌ಸ್ಟನ್ಸ್ ಎಂಬ ತಂಡದ 1969ರ ಒಂದು ಹಾಡಿನ ನಡುವೆ ಕೆಲವೇ ಸೆಕೆಂಡಿನ ಡ್ರಮ್ ಉಂಟು. ಅದನ್ನೇ ಕತ್ತರಿಸಿ, ಜೋಡಿಸಿ ಸಾವಿರಗಟ್ಟಲೆ ಹಾಡು ಕಟ್ಟಿದರು. ಬೋವಿ ಬೇರೆ ದಾರಿ ಹಿಡಿದ. ತನ್ನ ತಂಡದ ಡ್ರಮ್ಮರ್ ಝಾಕರಿ ಆಲ್ಫರ್ಡ್ ಹತ್ತಿರ ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಬಾರಿಸಿಸಿ, ಆಮೇಲೆ ಅದನ್ನೇ 160ಕ್ಕೆ ಏರಿಸಿದ.

120ರಿಂದ 160 ಅಂದರೆ ಮೂರನೇ ಒಂದು ಪಾಲು ಜಾಸ್ತಿ. ಟೇಪ್ ಓಡಿಸಿದಂತೆ ವೇಗ ಏರಿಸಿದರೆ ಶ್ರುತಿಯೂ ಏರುತ್ತದೆ. ಈ ಲೆಕ್ಕಕ್ಕೆ ಸರಿಯಾಗಿ ಷಡ್ಜದಿಂದ ಶುದ್ಧ ಮಧ್ಯಮಕ್ಕೆ, ಅಂದರೆ 'ಸ'ದಿಂದ 'ಮ'ಕ್ಕೆ. ನಮ್ಮ ಭಾವ ಚೆಂಡೆ ಬಾರಿಸುವವರು. ಒಂದು ಸಂಜೆ ಗೋಡೌನಿನಲ್ಲಿ ಮೈಕ್ ಇಟ್ಟು ಅವರದ್ದೊಂದು ಮುಕ್ತಾಯ, ಅಂದರೆ ಕೊನೆಗೆ ಬಾರಿಸುವ ಪೆಟ್ಟಿನ ಸಾಲು, ರೆಕಾರ್ಡ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಅಷ್ಟೇ ವೇಗ ಏರಿಸಿ ಹಾಕಿದೆ. ಚೆಂಡೆಯ ಗುಮ್ಮು ಪೂರ್ತಿ ಮಾಯ. ಉಳಿದದ್ದು ತೆಂಗಿನ ಗೆರಟೆಗೆ ಗೆರಟೆ ಬಡಿದಂಥ ಸದ್ದು.

"ನನ್ನ ಚೆಂಡೆಯನ್ನು ಕೊಂದಿರಲ್ಲ ಭಾವ!" ಅಂದರು.

ಆದರೆ ಪೆಟ್ಟಿನ ನಡುವೆ ಅವರ ಕೈಯ ಸಣ್ಣ ಏರುಪೇರು ಹಾಗೇ ಉಳಿದಿತ್ತು. ಆಲ್ಫರ್ಡ್ ಡ್ರಮ್ಮಿನಲ್ಲೂ ನನಗೆ ಅದೇ ಕೇಳಿಸುತ್ತದೆ. ಮೆಷಿನಿನ ಸದ್ದು, ಮನುಷ್ಯನ ಕೈ. ಇದನ್ನು ಬರೀ ಕಂಪ್ಯೂಟರ್ ಸಂಗೀತ ಎಂದು ಬೈದವರು ಇದನ್ನು ಕೇಳಿಸಿಕೊಂಡಿಲ್ಲ.

ಭಾವನ ಮೊದಲ ತಕರಾರು, ಹಾಡುವವನದ್ದು ಒಂದು ವೇಗ, ಬಡಿಯುವವನದ್ದು ಇನ್ನೊಂದು ಅಂತ. ಸರಿಯಾಗಿ ಹಿಡಿದರು. ಡ್ರಮ್ ಅಂಡ್ ಬೇಸ್‌ನ ಚಂದವೇ ಅದು. ಡ್ರಮ್ ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ಓಡುತ್ತದೆ, ಬೇಸ್ ಮತ್ತು ಹಾಡು ಒಂದನೇ ಕಾಲದಲ್ಲೇ ನಡೆಯುತ್ತವೆ. ಅಷ್ಟು ಹೇಳಿದ ಮೇಲೆ ಅವರ ಬೆರಳು ಮೇಜಿನ ಮೇಲೆ ಆಡತೊಡಗಿತು. ಆಟದಲ್ಲಿ ಹಾಡುವ ಭಾಗವತರು ನಿಧಾನಕ್ಕೆ ಎಳೆಯುವಾಗ ಚೆಂಡೆ ದುಪ್ಪಟ್ಟು ಹಾಕುವುದು ಅವರಿಗೆ ಹೊಸದಲ್ಲ ಅಲ್ವಾ.

ಬೋವಿಯ ಹಾಡುಗಾರಿಕೆ ಇಲ್ಲಿ ಬದಲಾಗಿಯೇ ಇಲ್ಲ. ಅದೇ ಹಳೇ ರಾಗ ಎಳೆಯುವ ಬೋವಿ. 'ಲುಕಿಂಗ್ ಫಾರ್ ಸ್ಯಾಟಲೈಟ್ಸ್'ನಲ್ಲಿ ರೀವ್ಸ್ ಗೇಬ್ರೆಲ್ಸ್ ಬಾರಿಸಿದ ಗಿಟಾರ್ ಕೇಳಿ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುವವರೆಗೆ ಒಂದೇ ತಂತಿಯಲ್ಲಿ ಬಾರಿಸಬೇಕು, ಅದನ್ನು ಬಿಟ್ಟು ಹೋಗಬಾರದು ಎಂದು ಬೋವಿ ಕಟ್ಟು ಹಾಕಿದ್ದನಂತೆ. ಕೈ ಕಟ್ಟಿದ ಮೇಲೆ ಅವನು ಮಾಡಿದ ಒದ್ದಾಟವೇ ಆ ಹಾಡಿನ ಜೀವ. 'ಬ್ಯಾಟಲ್ ಫಾರ್ ಬ್ರಿಟನ್'ನಲ್ಲಿ ಡ್ರಮ್ಮಿನ ಗದ್ದಲದ ನಡುವೆ ಮೈಕ್ ಗಾರ್ಸನ್ ಪಿಯಾನೋ ಎಡವುತ್ತಾ ಬರುತ್ತದೆ. ತಪ್ಪಿ ಬಂತೋ ಎಂದು ಅನಿಸಬೇಕು, ಹಾಗೆ. ನನಗೆ ಇಡೀ ಆಲ್ಬಮ್ಮಿನಲ್ಲಿ ಜಾಸ್ತಿ ಇಷ್ಟವಾದ ಜಾಗ ಅದು. ಟೆಕ್ನೋ ಥರ ಓಡುವ 'ಡೆಡ್ ಮ್ಯಾನ್ ವಾಕಿಂಗ್'ನ ಗಿಟಾರ್ ಎಳೆ ಅರುವತ್ತರ ದಶಕದಲ್ಲಿ ಗಿಟಾರ್ ವಾದಕ ಜಿಮ್ಮಿ ಪೇಜ್ ಬೋವಿಗೆ ತೋರಿಸಿಕೊಟ್ಟದ್ದು. ಹಳೇ ಸಾಮಾನು ಎಷ್ಟುಂಟು ನೋಡಿ ಈ ಹೊಸ ಅಂಗಡಿಯಲ್ಲಿ.

ನನ್ನ ಜೊತೆ ಕೆಲಸ ಮಾಡುವ ಹುಡುಗ ಮೆಹಂದಿಗಳಿಗೆ ಡಿಜೆ ಹಾಕುತ್ತಾನೆ. ಅವನು ಮೂರು ಹಾಡು ಕೇಳಿ, "ಅಣ್ಣಾ, ಡ್ರಾಪ್ ಎಲ್ಲಿ ಉಂಟು ಇದರಲ್ಲಿ? ಇದಕ್ಕೆ ಯಾರು ಕುಣೀತಾರೆ?" ಅಂದ. ಡ್ರಾಪ್ ಅಂದರೆ ತಡೆದು ನಿಲ್ಲಿಸಿದ ತಾಳ ಒಮ್ಮೆಲೇ ಬಿದ್ದು ಎಲ್ಲರನ್ನೂ ಕುಣಿಸುವ ಜಾಗ. ಅವನ ಮಾತೂ ನಿಜ. ಹೀಗೆ ರಾಕ್‌ನವರಿಗೆ ಇದು ರಾಕ್ ಅಲ್ಲ, ಡಿಜೆಗಳಿಗೆ ಇದು ಡ್ಯಾನ್ಸ್ ಅಲ್ಲ. ಎರಡೂ ಕಡೆಯವರು ಮುನಿಸಿಕೊಂಡರು. ಬೋವಿಗೂ ಗೊತ್ತಿದ್ದಿರಬೇಕು. ಅದೇ ವರ್ಷ ಬ್ರಿಟನ್ನಿನ ಫೀನಿಕ್ಸ್ ಉತ್ಸವದಲ್ಲಿ ಡ್ಯಾನ್ಸ್ ಟೆಂಟಿನೊಳಗೆ ತಂಡದ ಹೆಸರನ್ನೇ 'ಟಾವೋ ಜೋನ್ಸ್ ಇಂಡೆಕ್ಸ್' ಎಂದು ಬದಲಿಸಿ ಬಾರಿಸಿದ. ಅವನ ಹುಟ್ಟುಹೆಸರು ಡೇವಿಡ್ ಜೋನ್ಸ್.

ಇಂಥ ಮುನಿಸು ಅವನೊಬ್ಬನಿಗೇ ಬಂದದ್ದಲ್ಲ. ರಾಕ್ ಗಾಯಕ ನೀಲ್ ಯಂಗ್ 1982ರ ಕೊನೆಗೆ 'ಟ್ರಾನ್ಸ್' ಎಂಬ ಆಲ್ಬಂ ತಂದ. ದನಿಯನ್ನು ಮೆಷಿನಿನೊಳಗೆ ಹಾಕಿ ತಿರುಚಿದ್ದ. ಮರುವರ್ಷ ಅವನದೇ ರೆಕಾರ್ಡ್ ಕಂಪೆನಿ, ಇದು ನಿನ್ನ ಹಾಗೆ ಕೇಳಿಸುವುದಿಲ್ಲ ಎಂದು 30 ಲಕ್ಷ ಡಾಲರಿಗಿಂತ ಜಾಸ್ತಿ ಕೇಳಿ ಕೋರ್ಟಿಗೆ ಹೋಯಿತು! ನಮ್ಮಲ್ಲಿ ರಾತ್ರಿಯಿಡೀ ಆಡದೆ ಕೆಲವೇ ಗಂಟೆಯಲ್ಲಿ ಮುಗಿಸುವ ಕಾಲಮಿತಿ ಆಟ ಶುರುವಾದಾಗಲೂ ಬೈದರು ಮಾರಾಯ್ರೆ.

ಇನ್ನು ನನ್ನ ತಕರಾರು. ಮೇಲಿನ ಸ್ವರಗಳು ಜಾಸ್ತಿ ಚೂಪು. ನನ್ನ 18 ಇಂಚಿನ ಬೇಸ್ ಬಾಕ್ಸಿನಲ್ಲಿ ಗೇಲ್ ಆನ್ ಡಾರ್ಸಿಯ ಬೇಸ್ ಎದೆಗೇ ಬಂತು, ಸಂತೋಷ. ಆದರೆ ಟಾಪ್‌ನಲ್ಲಿ, ಅಂದರೆ ಮೇಲಿನ ಸ್ವರಗಳ ಬಾಕ್ಸಿನಲ್ಲಿ, ಟ್ರೆಬಲ್ ಸ್ವಲ್ಪ ಇಳಿಸದೆ ಮೂರನೇ ಹಾಡಿನ ಆಚೆ ಕೇಳಲಾಗಲಿಲ್ಲ. ಎಲ್ಲ ವಾದ್ಯವೂ ಮುಂದೆ ಬಂದು ನಿಂತಿದೆ, ಹಿಂದೆ ಸರಿಯುವವರೇ ಇಲ್ಲ. 'ಟೆಲ್ಲಿಂಗ್ ಲೈಸ್' ಈಗ ಹಳತಾಗಿದೆ. 1996ರಲ್ಲೇ ಅದನ್ನು ಇಂಟರ್‌ನೆಟ್ಟಿನಲ್ಲಿ ಡೌನ್‌ಲೋಡ್ ಮಾಡಲು ಬಿಟ್ಟಿದ್ದ, ಆಗ ನಮ್ಮೂರಲ್ಲಿ ಎಸ್‌ಟಿಡಿ ಬೂತೇ ದೊಡ್ಡ ವಿಷಯ. ಆ ಹೆಚ್ಚುಗಾರಿಕೆ ಬಿಟ್ಟರೆ ಹಾಡಿನಲ್ಲಿ ದಮ್ ಇಲ್ಲ. 'ದಿ ಲಾಸ್ಟ್ ಥಿಂಗ್ ಯೂ ಶುಡ್ ಡು' ಸುಮ್ನೆ ಜಾಗ ತುಂಬಿಸಿದ ಹಾಗುಂಟು. ಕೊನೆಯ 'ಲಾ' ಅಂತೂ ಸೌಂಡ್ ಚೆಕ್ ಮಾಡಿ ಮರೆತು ಬಿಟ್ಟದ್ದು.

'ಐಯಾಮ್ ಅಫ್ರೇಡ್ ಆಫ್ ಅಮೆರಿಕನ್ಸ್' ಬೋವಿ ಸಂಗೀತಗಾರ ಬ್ರಯನ್ ಈನೋ ಜೊತೆ ಸೇರಿ ಬರೆದದ್ದು. ಸಿಡಿಯಲ್ಲಿರುವುದು ಚೆನ್ನಾಗಿಯೇ ಇದೆ. ಆದರೆ ನೈನ್ ಇಂಚ್ ನೇಲ್ಸ್ ಎಂಬ ತಂಡದ ಟ್ರೆಂಟ್ ರೆಜ್ನರ್ ಆಮೇಲೆ ಮಾಡಿದ ರೀಮಿಕ್ಸ್ ಇದಕ್ಕಿಂತ ಗಟ್ಟಿ. ಅದು ಈ ಸಿಡಿಯಲ್ಲಿಲ್ಲ, ಬೇರೆ ಹುಡುಕಿಕೊಳ್ಳಬೇಕು. ನಮ್ಮ ಡಿಜೆ ಹುಡುಗ ಅದೊಂದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡ.

ಕೊಳ್ಳಬಹುದಾ ಅಂದರೆ, ಕೊಳ್ಳಿ. ಮೊಬೈಲ್ ಸ್ಪೀಕರಿನಲ್ಲಿ ಕೇಳಿ ಬೈಯಬೇಡಿ, ಅದರಲ್ಲಿ ಬೇಸ್ ಬರುವುದೇ ಇಲ್ಲ, ಬರೀ ಸ್ನೇರ್ ಕಿರುಚುತ್ತದೆ. ಹೆಡ್‌ಫೋನ್ ಆದರೂ ಇರಲಿ. ಟ್ರೆಬಲ್ ಇಳಿಸಿ, ಮೂರನೇ ಹಾಡಿನಿಂದ ಶುರು ಮಾಡಿ. ಆರು, ಏಳು ದಾಟಿಸಿ ಎಂಟಕ್ಕೆ ಹೋಗಿ. ಒಂಬತ್ತು ಬೇಡ.