ಹಠಮಾರಿ ಹಾರ್ಡ್ ಡಿಸ್ಕ್ ಜತೆ ಐದು ವರ್ಷ

ಆಟಕ್ಕೆ ಹೋದ ರಾತ್ರಿ ಯಕ್ಷಗಾನದ ವಿಡಿಯೊ ಮಾಡುವುದು ನನ್ನ ಹುಚ್ಚು. ಬೆಳಿಗ್ಗೆ ಮನೆಗೆ ಬಂದವನೇ ಈ 1 ಟಿಬಿ ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿ ಬಚ್ಚಲಿಗೆ ಹೋಗುತ್ತೇನೆ. ಸ್ನಾನ, ಕಾಫಿ ಮುಗಿಯುವಷ್ಟರಲ್ಲಿ ಚಂಡೆಮದ್ದಳೆ ಎಲ್ಲ ಒಳಗೆ. ಕಿವಿ ಹತ್ತಿರ ತಂದರೆ ಸಣ್ಣಗೆ ಗುಂಯ್ ಅನ್ನುತ್ತದೆ, ಆ ಸದ್ದು ನನಗೆ ಇಷ್ಟ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ, ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ಆಟ ಮುಗಿಸಿದ ಮೇಲೆ ಎಲ್ಲವನ್ನೂ ಬೇರೆ ಎರಡು ಕಡೆ ಇಟ್ಟು, ಇದನ್ನು ಪೂರ್ತಿ ಅಳಿಸಿ, ಮುಂದಿನ ತಿರುಗಾಟಕ್ಕೆ ಸಿದ್ಧ ಮಾಡುತ್ತೇನೆ.

ಈ ವರ್ಷ ಅದೇ ತಲೆನೋವಾಯಿತು. ಭಾವ ಒಂದು ವಾರಕ್ಕೆ ಒಯ್ದು ತಮ್ಮ ಮ್ಯಾಕಿಗೆ ಹಾಕಿ ಫಾರ್ಮ್ಯಾಟ್ ಮಾಡಿ ಕೊಟ್ಟರು. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆ ಮ್ಯಾಕ್ ಮಾಡಿಟ್ಟ 200 ಎಂಬಿಯ ಒಂದು ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಜಪ್ಪಯ್ಯ ಅಂದರೂ ಹೋಗಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಲೀಟ್ ಆಯ್ಕೆಯೇ ಮಂಕು.

ಸರಿ, ಡಿಸ್ಕ್‌ಪಾರ್ಟ್ ತೆರೆದೆ, ಡಿಸ್ಕಿನ ನಂಬರ್ ಆರಿಸಿ ಕಮಾಂಡ್ ಟೈಪ್ ಮಾಡಿ ಅಳಿಸುವ ವಿಂಡೋಸ್ ಸಾಧನ ಅದು. ಇಲ್ಲಿ ನಂಬರ್ ತಪ್ಪಿದರೆ ಲ್ಯಾಪ್‌ಟಾಪೇ ಖಾಲಿ, ಅಲ್ವಾ? 1 ಟಿಬಿಯನ್ನು ವಿಂಡೋಸ್ 931 ಜಿಬಿ ಅಂತ ಲೆಕ್ಕ ಹಾಕುತ್ತದೆ, ಹಾಗೆ ತೋರಿಸುವುದೇ ಇದು ಅಂತ ಮೂರು ಸಲ ನೋಡಿ 'ಕ್ಲೀನ್' ಕೊಟ್ಟೆ. ಐ/ಒ ಡಿವೈಸ್ ಎರರ್, ಅಂದರೆ ಡಿಸ್ಕಿಗೆ ಓದುವುದು ಬರೆಯುವುದು ಆಗುತ್ತಿಲ್ಲ! ಮತ್ತೆ ಕೊಟ್ಟೆ, ಮತ್ತೆ ಅದೇ. ಡಿಸ್ಕ್ ಸತ್ತಿತು ಅಂತ ಕಂಪನಿಗೆ ಚೆನ್ನಾಗಿ ಬೈದೆ.

ಆಮೇಲೆ ಕಾಫಿ ಲೋಟ ಮೇಜಿನ ಮೇಲೆ ಕುಕ್ಕಿದಾಗ ನೀಲಿ ಲೈಟ್ ಒಮ್ಮೆ ಆರಿ ಹೊತ್ತಿತು. ಇನ್ನೊಮ್ಮೆ ಕುಕ್ಕಿದೆ. ಮತ್ತೆ ಆರಿತು. ತಪ್ಪು ಡಿಸ್ಕಿನದಲ್ಲ, ವಯರಿನದು! ಮಧ್ಯೆ ಸೀಳಿದಂತಿರುವ ಆ ಚಪ್ಪಟೆ ಪಿನ್ನು ಐದು ವರ್ಷದಲ್ಲಿ ಸಡಿಲವಾಗಿತ್ತು. ಬೇರೆ ವಯರು ಹಾಕಿದೆ, 'ಕ್ಲೀನ್' ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು.

ಆದರೆ 'ಕ್ಲೀನ್' ಅಂದರೆ ಪಾರ್ಟಿಷನ್ ಪಟ್ಟಿ ಮಾತ್ರ ಅಳಿಯುತ್ತದೆ, ಹಳೆಯ ಫೈಲುಗಳು ಒಳಗೇ ಇರುತ್ತವೆ. ಡಿಸ್ಕಿನ ಮೇಲೆ ಸಿಟ್ಟು ಮಾಡಿದ್ದಕ್ಕೆ ಪರೀಕ್ಷೆಯೂ ಆಗಲಿ ಅಂತ 'ಕ್ಲೀನ್ ಆಲ್' ಕೊಟ್ಟೆ. ಮೊದಲಿನಿಂದ ಕೊನೆಯವರೆಗೆ ಸೊನ್ನೆ ಬರೆಯುತ್ತಾ ಹೋಗುತ್ತದೆ. ಶೇಕಡಾವಾರು ತೋರಿಸುವುದಿಲ್ಲ, ಕರ್ಸರ್ ಮಿಣಮಿಣ ಅನ್ನುತ್ತಾ ಸುಮ್ನೆ ಕೂರುತ್ತದೆ. ಊಟ ಮುಗಿಸಿ ಶುರು ಮಾಡಿದ್ದು ನಡುರಾತ್ರಿ ದಾಟಿದ ಮೇಲೆ ಮುಗಿಯಿತು. ಒಂದೂ ಎರರ್ ಇಲ್ಲ.

ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿದೆ, ವಿಂಡೋಸ್, ಮ್ಯಾಕ್ ಎರಡೂ ಓದಿ ಬರೆಯುವ ಬಗೆ ಅದು. ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಫೈಲ್ ಕೂರುವುದಿಲ್ಲ, ಎನ್‌ಟಿಎಫ್‌ಎಸ್ ಆದರೆ ಭಾವನ ಮ್ಯಾಕ್ ಓದುತ್ತದೆಯೇ ಹೊರತು ಬರೆಯುವುದಿಲ್ಲ. ಒಂದೇ ಬೇಜಾರು, ಅಪ್ಪ ನೋಡುವ ಹಳೆ ಟಿವಿಗೆ ಎಕ್ಸ್‌ಫ್ಯಾಟ್ ಗೊತ್ತಿಲ್ಲ. ಅವರಿಗೆ ಪ್ರಸಂಗವನ್ನು ತುಂಡು ಮಾಡಿ ಪೆನ್ ಡ್ರೈವಿಗೆ ಹಾಕಿ ಕೊಡುತ್ತೇನೆ.

ಎಸ್‌ಎಸ್‌ಡಿ ತಗೋ, ತಿರುಗುವ ತಟ್ಟೆ ಇಲ್ಲದ ಅದು ಬಲು ವೇಗ ಅನ್ನುವವರಿದ್ದಾರೆ. ನನ್ನ ಬಜೆಟ್ಟಿಗೆ ವೇಗಕ್ಕಿಂತ ಜಾಗ ಜಾಸ್ತಿ ಮುಖ್ಯ. ಹಾಗಾಗಿ ಐದರಲ್ಲಿ ನಾಲ್ಕು ಸ್ಟಾರ್, ಕಡಿತ ಆ ಪಿನ್ನಿಗೆ. ಹಳೆ ವಯರನ್ನು ಕತ್ತರಿಸಿಯೇ ಎಸೆದೆ. ಇಲ್ಲದಿದ್ದರೆ ಮುಂದಿನ ಪತ್ತನಾಜೆಗೆ ಡ್ರಾಯರಿನಿಂದ ಅದೇ ಕೈಗೆ ಸಿಗುತ್ತದೆ.